ಮನೆ ನೋಡಲು ಬಂದವರು

ಕಾರಿನಲ್ಲಿ ಕಾಲು ಎಲ್ಲಿಡಬೇಕು ಎಂಬುದು ನನಗೆ ಇನ್ನೂ ತಿಳಿದಿಲ್ಲ.

ಇದನ್ನು ಯಾರ ಮುಂದೆಯೂ ಹೇಳಲಾರೆ. ಹೇಳಿದರೆ ನಗುತ್ತಾರೆ. ಬಿ.ಎ. ಮುಗಿಸಿದ ಹುಡುಗಿ ಕಾಲಿಡಲು ಹೆದರುತ್ತಾಳಂತೆ. ಆದರೆ ನೀಲಕಂಠ ಸರ್ ಅವರ ಕಾರಿನೊಳಗೆ ಹಾಸಿದ ಮ್ಯಾಟು ನಮ್ಮ ಮನೆಯ ಹಾಸಿಗೆಗಿಂತ ಸ್ವಚ್ಛವಾಗಿದೆ. ನನ್ನ ಚಪ್ಪಲಿಗೆ ಕೇರಿಯ ಮಣ್ಣು ಮೆತ್ತಿರುತ್ತದೆ. ಕಳೆದ ಸಲ ನಾನು ಇಳಿದ ಕೂಡಲೇ ಪದ್ಮಜಾ ಮೇಡಂ ಮ್ಯಾಟು ತೆಗೆದು ಕೊಡವಿದರು. ನನ್ನ ಎದುರಿಗೇ. ಬೈಯಲಿಲ್ಲ. ನಕ್ಕರು. ಅಂದಿನಿಂದ ಹಿಮ್ಮಡಿ ಎತ್ತಿ, ಬೆರಳ ತುದಿಯ ಮೇಲೆ ಕೂರುತ್ತೇನೆ. ಬೈಲಹೊಂಗಲದಿಂದ ನೇಸರಗಿ ಮುಟ್ಟುವ ಹೊತ್ತಿಗೆ ಮೀನಖಂಡ ಸೆಟೆದಿರುತ್ತದೆ.

ನಾಳೆ ಮತ್ತೆ ಅದೇ ಕಾರು. ನಾಳೆ ಹೋಗಬೇಕಾದದ್ದು ನಮ್ಮದೇ ಕೇರಿಗೆ. ಡೈರಿಯಲ್ಲಿ ಇಷ್ಟು ಬರೆದು ನಿಲ್ಲಿಸಿದೆ.

ಮಥುರಾಬಾಯಿ ವಿದ್ಯಾನಿಧಿ ಇರುವುದು ಬೈಲಹೊಂಗಲದಲ್ಲಿ, ನೀಲಕಂಠ ಸರ್ ಅವರ ಹಳೆಯ ಮನೆಯ ಪಡಸಾಲೆಯಲ್ಲಿ. ಮಥುರಾಬಾಯಿ ಎಂದರೆ ಸರ್ ಅವರ ತಾಯಿ. ಗೋಡೆಯ ಮೇಲೆ ಮಾಲೆ ಹಾಕಿದ ಫೋಟೋ ಇದೆ. ಸರ್ ವಕೀಲಿ ಮಾಡಿ ಬಿಟ್ಟವರು. ಪದ್ಮಜಾ ಮೇಡಂ ಸರ್ ಅವರ ತಂಗಿ, ಹೈಸ್ಕೂಲಿನಲ್ಲಿ ಕಲಿಸಿ ನಿವೃತ್ತರಾದವರು. ಪಿಯುಸಿ ಎರಡನೇ ವರ್ಷದ ಬಡ ಮಕ್ಕಳಿಂದ ಅರ್ಜಿ ಕರೆಯುತ್ತಾರೆ. ಆರಿಸಿದವರಿಗೆ ಡಿಗ್ರಿ ಮುಗಿಯುವ ತನಕ ಕಾಲೇಜಿನ ಫೀ ಮತ್ತು ಊಟ, ಖೋಲಿಯ ಖರ್ಚು ಕೊಡುತ್ತಾರೆ. ನನಗೂ ಕೊಟ್ಟರು. ಅದು ಸುಳ್ಳಲ್ಲ.

ಡಿಗ್ರಿ ಮುಗಿದ ಮೇಲೆ ಒಂದು ವರ್ಷ ನಿಧಿಯ ಸೇವೆ ಮಾಡಬೇಕು. ಸೇವೆ ಅಂದರೆ ಪಗಾರ ಇಲ್ಲದ ಕೆಲಸ. ಕಸ ಹೊಡೆಯುತ್ತೇನೆ. ಅರ್ಜಿ ಜೋಡಿಸುತ್ತೇನೆ. ಮೇಡಂ ಹೇಳಿದ್ದನ್ನು ಬರೆಯುತ್ತೇನೆ. ನನ್ನ ಅಕ್ಷರ ಚೆಂದ ಎಂದು ಬಂದವರಿಗೆಲ್ಲ ತೋರಿಸುತ್ತಾರೆ. ವರ್ಷ ತುಂಬುವ ತನಕ ನನ್ನ ಮೂಲ ಅಂಕಪಟ್ಟಿಗಳು ಸರ್ ಅವರ ಬೆನ್ನ ಹಿಂದಿನ ಕಪಾಟಿನಲ್ಲಿ. ಬೀಗದ ಕೈ ಅವರ ಜನಿವಾರದಲ್ಲಿ. “ಕಳೀಬಾರದು ಅಂತ ಇಟಗೊಂಡೀವಿ ಕಸ್ತೂರಿ” ಎನ್ನುತ್ತಾರೆ. ಅಂಕಪಟ್ಟಿ ಇಲ್ಲದೆ ಎಲ್ಲಿಯೂ ಕೆಲಸ ಕೇಳಲು ಆಗುವುದಿಲ್ಲ. ಕೇಳಿಯೂ ಇಲ್ಲ. ನನಗೆ ಕೇಳುವ ಬಾಯಿ ಇಲ್ಲ.

ಈ ಸಲ ಅರ್ಜಿ ಹಾಕಿದವರಲ್ಲಿ ಭಾಗೀರಥಿ ಇದ್ದಳು.

ಭಾಗೀರಥಿ ನಮ್ಮ ಕೇರಿಯವಳು. ನಮ್ಮ ಸಾಲಿನ ಕೊನೆಯ ಮನೆ. ನೇಸರಗಿಯಿಂದ ಬೈಲಹೊಂಗಲಕ್ಕೆ ಬಸ್ಸಿನಲ್ಲಿ ನಿಂತು ಹೋಗಿ ವಿಜ್ಞಾನ ಓದುತ್ತಾಳೆ. ಗಣಿತ ಅವಳಿಗೆ ಆಟ. ಧಾರವಾಡದಲ್ಲಿ ಬಿ.ಎಸ್ಸಿ. ಮಾಡಬೇಕು, ಆಮೇಲೆ ಎಂ.ಎಸ್ಸಿ., ಆಮೇಲೆ ಕಾಲೇಜಿನಲ್ಲಿ ಕಲಿಸಬೇಕು. ಇದನ್ನು ನಳದ ಹತ್ತಿರ ಕೊಡ ತುಂಬುತ್ತ ಎಲ್ಲರಿಗೂ ಕೇಳುವಂತೆ ಹೇಳುತ್ತಾಳೆ. ಅವಳ ಆ ದೊಡ್ಡ ಗಂಟಲಿನ ಮೇಲೆ ನನಗೆ ಹೊಟ್ಟೆಕಿಚ್ಚು.

ಅವಳ ಅವ್ವ ಶಟ್ಟೆವ್ವ. ನಾನು ಚಿಗವ್ವ ಅನ್ನುತ್ತೇನೆ. ಗಂಡ ತೀರಿಕೊಂಡ ಮೇಲೆ ಬೈಲಹೊಂಗಲದ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿಗೆ ಹೋಗುತ್ತಾಳೆ. ಕೇರಿಯ ಹೆಂಗಸರನ್ನೆಲ್ಲ ತುಂಬಿಕೊಂಡು ನಸುಕಿನಲ್ಲಿ ಟಂಟಂ ಗಾಡಿ ಹೊರಡುತ್ತದೆ. ದಿನವಿಡೀ ಹತ್ತಿಯ ರಾಶಿಯಲ್ಲಿ ಮೊಣಕಾಲು ಮಟ ಹೂತು ನಿಂತು ಕಸ ಆರಿಸಬೇಕು. ಒಣಗಿದ ಕಾಯಿಯ ಚೂಪು ತೊಗಟೆ ಉಗುರಿನ ಸಂದಿಗೆ ಹೊಗುತ್ತದೆ. ಎಳೆ ಮೂಗಿಗೆ, ಗಂಟಲಿಗೆ, ಕಣ್ಣಿನ ರೆಪ್ಪೆಗೆ ಅಂಟುತ್ತದೆ. ಸಂಜೆ ಇಳಿದು ಬರುವಾಗ ಎಲ್ಲರೂ ಮುದುಕಿಯರಂತೆ ಕಾಣುತ್ತಾರೆ. ಶಟ್ಟೆವ್ವ ಕೆಮ್ಮಿದರೆ ಕೊನೆಯ ಮನೆಯ ಕೆಮ್ಮು ನಮ್ಮ ಮನೆಗೆ ಕೇಳುತ್ತದೆ.

ಭಾಗೀರಥಿಯೂ ಭಾನುವಾರ ಹೋಗುತ್ತಾಳೆ. ಮಿಲ್ಲಿನ ಆಳುಗಳ ಮೇಲಿನ ಮುಕಾದಮ ರಾಯಪ್ಪ ಅವಳಿಗೆ ಈಗಲೇ ಹೇಳಿಟ್ಟಿದ್ದಾನೆ. “ಪರೀಕ್ಷಿ ಮುಗದ ಮರುದಿನಾನ ಬಾ. ಲೆಕ್ಕಾ ಚೊಲೋ ಬರತೈತೆಂತಲ್ಲ, ಹತ್ತಿ ಗಂಟ ಎಣಸಾಕ ಇಡತೇನಿ.”

ಸರಕಾರದ ಸ್ಕಾಲರ್‌ಶಿಪ್ಪು ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. ಅದು ಕೈಗೆ ಬರುವ ಹೊತ್ತಿಗೆ ವರ್ಷ ಅರ್ಧ ಕಳೆದಿರುತ್ತದೆ. ಕಾಲೇಜು ಮೊದಲ ದಿನವೇ ಕೈ ಚಾಚುತ್ತದೆ. ನಿಧಿ ಕೊಟ್ಟರೆ ಧಾರವಾಡ. ಕೊಡದಿದ್ದರೆ ಮಿಲ್ಲು. ನಡುವೆ ಏನೂ ಇಲ್ಲ.

ನಿಧಿಯವರು ಅರ್ಜಿ ನೋಡಿ ಕೊಡುವುದಿಲ್ಲ. ಮನೆ ನೋಡಿ ಕೊಡುತ್ತಾರೆ.

ಅವರು ಬರುವ ಹಿಂದಿನ ಸಂಜೆ ಶಟ್ಟೆವ್ವನ ಮನೆಯ ಮುಂದೆ ಕೇರಿಯೇ ನೆರೆದಿತ್ತು. ಅಂಗಳ ಸಾರಿಸಿತ್ತು. ಗೋಡೆಗೆ ಸುಣ್ಣ ಬಿದ್ದಿತ್ತು. ಕಲ್ಮೇಶಣ್ಣ ಟೇಬಲ್ ಫ್ಯಾನು ತಲೆಯ ಮೇಲೆ ಹೊತ್ತು ತಂದ. ಯಾರದೋ ಮನೆಯ ಗೋಡೆ ಗಡಿಯಾರ ಬಂತು. ಯಾರದೋ ಹೊಸ ಚಾದರ. ಸ್ಟೀಲಿನ ಗ್ಲಾಸುಗಳು ಮನೆಗೊಂದರಂತೆ ಬಂದವು. ನಮ್ಮ ಅವ್ವ ಪ್ಲಾಸ್ಟಿಕ್ ಕುರ್ಚಿಗಳನ್ನು ತೊಳೆದು ನನ್ನ ಕೈಗೇ ಕೊಟ್ಟಳು.

ನಮ್ಮಲ್ಲಿ ಯಾರ ಮನೆಗೆ ಹೆಣ್ಣು ನೋಡಲು ಬಂದರೂ ಹೀಗೆಯೇ. ಬೀಗರು ಬರುತ್ತಾರೆಂದರೆ ಆ ದಿನ ಕೇರಿಯ ಸಾಮಾನೆಲ್ಲ ಒಂದೇ ಮನೆಯಲ್ಲಿರುತ್ತದೆ. ಬೀಗರಿಗೂ ಅದು ಗೊತ್ತು. ಅವರ ಕೇರಿಯಲ್ಲಿಯೂ ಹೀಗೆಯೇ. ಯಾರೂ ಅದನ್ನು ಮುಚ್ಚಿಡುವುದಿಲ್ಲ. ಬಂದವರಿಗೆ ಮಾಡುವ ಮರ್ಯಾದೆ ಅದು.

ಕುರ್ಚಿ ಇಳಿಸಿ ಶಟ್ಟೆವ್ವನ ಹತ್ತಿರ ಹೋದೆ. ದನಿ ಇಳಿಸಿ ಹೇಳಿದೆ. “ಚಿಗವ್ವಾ, ಇವೆಲ್ಲಾ ಬ್ಯಾಡ. ಮನಿ ಹೆಂಗೈತಿ ಹಂಗ ಇರಲಿ.”

“ಹೆಂಗೈತಿ ಹಂಗಂದ್ರ? ಅವರನ್ನ ನೆಲದ ಮ್ಯಾಲ ಕುಂಡ್ರಸಲೇನ?”

“ಅವರು ಬಡತನ ನೋಡಾಕ ಬರತಾರ.”

ಶಟ್ಟೆವ್ವ ನನಗೇ ಹುಚ್ಚು ಹಿಡಿದಿದೆ ಎನ್ನುವಂತೆ ನೋಡಿದಳು. “ಬಡತನ ಏನ ನೋಡೂದೈತೆ ನನ್ನವ್ವಾ? ಬಾಗಲದಾಗ ನಿಂತ್ರ ಕಾಣತೈತಿ. ತಲಿ ಎತ್ತಿ ತಗಡ ನೋಡಿದ್ರ ಕಾಣತೈತಿ. ಅದನ್ನ ನೋಡಾಕ ಕಾರ ತಗೊಂಡ ಬರಬೇಕೇನ? ಇವರು ಹುಡಗಿ ಕಲಸೂವಂಥಾ ಮಂದಿ ಹೌದೋ ಅಲ್ಲೋ ಅಂತ ನೋಡಾಕ ಬರತಾರ. ಕಲತ ನೀ ಇಷ್ಟ ತಿಳೀಲಿಲ್ಲಂದ್ರ ಹೆಂಗ?”

ಕಟ್ಟೆಯ ಮೇಲೆ ಕುಳಿತಿದ್ದ ಬಾಯವ್ವಜ್ಜಿ ತನ್ನ ಇಳಕಲ್ ಸೀರೆಯನ್ನು ಮಡಿಲಿನಿಂದ ತೆಗೆದಳು. “ತಗೋ ಉಟಗೋ. ಆದ್ರ ನನಗಿಂತ ಚೆಂದ ಕಾಣಬ್ಯಾಡ ಮತ್ತ.”

“ನಿನಗಿಂತ ಚೆಂದ ಕಾಣಾಕ ಬಾಯಾಗ ಎರಡ ಹಲ್ಲಿದ್ರ ಸಾಕ ಬಿಡ ಮುದಕಿ” ಎಂದಳು ಶಟ್ಟೆವ್ವ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು ಕುರ್ಚಿಯನ್ನು ಗೋಡೆಗೆ ಸರಿಸಿಟ್ಟೆ.

ಮರುದಿನ ಕಾರು ಕೇರಿಯ ಬಾಯಲ್ಲೇ ನಿಂತಿತು. ಒಳಗೆ ಬರುವಷ್ಟು ದಾರಿ ಇದೆ. ಟಂಟಂ ದಿನವೂ ಬರುತ್ತದೆ. ಸರ್ ಇಳಿದು ಧೋತರದ ಚುಂಗು ಎತ್ತಿ ಹಿಡಿದು ನಡೆದರು. ಮೇಡಂ ಹಿಂದೆ. ಬರೆಯುವ ವಹಿ ಹಿಡಿದುಕೊಂಡು ಅವರ ಹಿಂದೆ ನಾನು. ಹುಟ್ಟಿ ಬೆಳೆದ ಕೇರಿಯಲ್ಲಿ ಪರವೂರಿನವಳಂತೆ ನಡೆದೆ. ಬಾಗಿಲಲ್ಲಿ ನಿಂತ ನಮ್ಮ ಅವ್ವನನ್ನು ನೋಡಿಯೂ ಮಾತಾಡಿಸಲಿಲ್ಲ.

“ಬರ್ರಿ, ಬರ್ರಿ ಸಾಹೇಬ್ರ. ಬರ್ರಿ ಬಾಯಾರ. ಕುಂಡ್ರಿ.” ಶಟ್ಟೆವ್ವ ಇಳಕಲ್ ಸೀರೆಯ ಸೆರಗು ತಲೆಗೆ ಹೊದ್ದಿದ್ದಳು. ಅವತ್ತು ಮಿಲ್ಲು ಬಿಟ್ಟಿದ್ದಳು. ಬಾಯವ್ವಜ್ಜಿಗೆ ಹೇಳಿದರೆ ಸಿಟ್ಟಾದಾಳು, ಆದರೆ ಚೆಂದವೇ ಕಾಣುತ್ತಿದ್ದಳು.

ಸರ್ ಕುಳಿತರು. ಫ್ಯಾನು ತಿರುಗುತ್ತಿತ್ತು. ಅವರು ಫ್ಯಾನು ನೋಡಿದರು. ಗಡಿಯಾರ ನೋಡಿದರು. ಚಾದರ ನೋಡಿದರು. ಮೇಡಂ ಕೇಳದೆಯೇ ಒಳಗೆ ಹೋದರು. ಜೋಳದ ಡಬ್ಬಿಯ ಮುಚ್ಚಳ ತೆಗೆದ ಸಪ್ಪಳ ಹೊರಗೆ ಕೇಳಿತು. ಗಂಟು ಬಿಚ್ಚಿದ ಸಪ್ಪಳ. ಅರಿವೆ ಸರಿಸಿದ ಸಪ್ಪಳ. ಶಟ್ಟೆವ್ವ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ, ಮತ್ತೆ ಸರ್ ಕಡೆ ನೋಡಿ ನಕ್ಕಳು. ಏನು ಮಾಡಬೇಕೆಂದು ತಿಳಿಯದ ನಗೆ ಅದು.

ಸರ್ ಭಾಗೀರಥಿಯನ್ನು ಕೇಳಿದರು. “ಧಾರವಾಡಕ್ಕೇ ಯಾಕ ಹೋಗಬೇಕವಾ? ಇಲ್ಲೇ ಬಿ.ಎ. ಮಾಡಲಿಕ್ಕೆ ಆಗೂದಿಲ್ಲೇನು?”

“ನನಗ ಗಣಿತ ಬೇಕ್ರಿ ಸರ್.”

“ಗಣಿತ ತಗೊಂಡು ಏನ ಮಾಡತೀ?”

“ಕಲಸತೇನ್ರಿ.”

“ಯಾರಿಗೆ?”

“ಬಂದವರಿಗೆಲ್ಲಾರಿಗೂ ಸರ್.”

ಸರ್ ಮುಗುಳ್ನಕ್ಕರು. ಅವಳ ಉತ್ತರ ಅವರಿಗೆ ಸೇರಲಿಲ್ಲ ಎಂದು ನನಗೆ ಗೊತ್ತಾಯಿತು. ಹುಡುಗಿ ತಲೆ ತಗ್ಗಿಸಿರಲಿಲ್ಲ.

ಶಟ್ಟೆವ್ವ ತಾಟಿನಲ್ಲಿ ಚಹಾ ತಂದಳು. ಪಕ್ಕಕ್ಕೆ ನೀರು. ಗ್ಲಾಸಿನ ತುದಿ ಮುಟ್ಟದಂತೆ ತಾಟಿನ ಅಂಚನ್ನೇ ಹಿಡಿದಿದ್ದಳು.

“ಬ್ಯಾಡವಾ. ನಾವು ಹೊರಗ ಏನೂ ತಗೋಳೂದಿಲ್ಲ. ಡಾಕ್ಟರು ಬ್ಯಾಡ ಅಂದಾರ” ಎಂದರು ಸರ್.

“ನೀರರ ಕುಡೀರಿ ಸಾಹೇಬ್ರ. ಬಿಸಲಾಗ ಬಂದೀರಿ.”

“ಇರಲಿ, ಇರಲಿ. ಅಲ್ಲೇ ಇಡು.”

ತಾಟು ನೆಲದ ಮೇಲೆ ಕುಳಿತಿತು. ಹೊರಬಂದ ಮೇಡಂ ತಾಟಿನ ಮುಂದೆ ಬಗ್ಗಿದರು. ನಮ್ಮಲ್ಲಿ ಪಾತ್ರೆಗೆ ಹೆಸರು ಹೊಡೆಸುತ್ತಾರೆ. ಲಗ್ನದಲ್ಲಿ ಕೊಟ್ಟವರ ಹೆಸರು, ಇಲ್ಲವೇ ಮನೆಯವರ ಹೆಸರು. ಮೇಡಂ ಕೊರಳು ಚಾಚಿ ಒಂದೊಂದೇ ಓದಿದರು. ಗ್ಲಾಸು ಮುಟ್ಟಲಿಲ್ಲ.

“ಬಾಯವ್ವ. ಕಲ್ಮೇಶ. ಇದು ಗಂಗವ್ವ. ನಿಂದು ಯಾವುದವಾ ಇದರಾಗ?”

“ನಂದ ಒಂದೂ ಇಲ್ರಿ ಬಾಯಾರ” ಎಂದಳು ಶಟ್ಟೆವ್ವ. ಹೆಮ್ಮೆಯಿಂದಲೇ ಎಂದಳು. “ಎಲ್ಲಾ ಮಂದೀವ್ರಿ. ಕುರ್ಚಿ, ಪ್ಯಾನ, ಈ ಸೀರಿನೂ ಮಂದೀದ್ರಿ. ನೀವು ಬರತೀರಂತ ತಂದೇನ್ರಿ.”

ಮೇಡಂ ಸರ್ ಕಡೆ ನೋಡಿದರು. ಸರ್ ಎದ್ದರು. ಚಹಾದ ಮೇಲೆ ಕೆನೆ ಕಟ್ಟತೊಡಗಿತ್ತು.

ಅಲ್ಲಿಂದ ಊರೊಳಗಿನ ಸಂಕೇತನ ಮನೆಗೆ ಹೋದೆವು. ಅವನೂ ಪಿಯುಸಿ, ಅವನದೂ ಅರ್ಜಿ. ಅಜ್ಜ ಗುಡಿಯ ಪೂಜೆ ಮಾಡಿಕೊಂಡಿದ್ದವರು. ತಂದೆ ಝೆರಾಕ್ಸ್ ಅಂಗಡಿಯಲ್ಲಿದ್ದಾರೆ. ಅವರಿಗೂ ತೊಂದರೆ ಇದೆ, ಇಲ್ಲ ಎನ್ನುವುದಿಲ್ಲ. ನಾನು ಚಪ್ಪಲಿಗಳ ಹತ್ತಿರ ಕಟ್ಟೆಯ ಮೇಲೆ ಕುಳಿತೆ. ಒಳಗಿನಿಂದ ಒಗ್ಗರಣೆ ಅವಲಕ್ಕಿಯ ವಾಸನೆ ಬಂತು. ಸರ್ ದನಿ ಬಂತು. “ಇನ್ನೊಂದ ಚೂರು ಸಕ್ಕರಿ ಹಾಕ್ರಿ ವೈನಿ.” ಡಾಕ್ಟರು ಬೇಡ ಎಂದದ್ದು ಕೇರಿಯ ಸಕ್ಕರೆಯನ್ನಷ್ಟೇ ಇರಬೇಕು. ಸಂಕೇತನ ತಾಯಿ ನನಗೆ ಕಾಗದದ ಕಪ್ಪಿನಲ್ಲಿ ಚಹಾ ತಂದು ಕಟ್ಟೆಯ ಮೇಲೆ ಇಟ್ಟು ಹೋದರು. ಕುಡಿದೆ. ಬಿಸಿ ಇತ್ತು.

ಕಾರಿನಲ್ಲಿ ಮೇಡಂ ಬರೆಸಿದರು. ಸಂಕೇತನದು: ಮನೆತನಸ್ಥರು, ಈಗ ಏನೂ ಉಳಿದಿಲ್ಲ, ಹಳೆಯ ಸೋಫಾ, ಸಹಾಯಕ್ಕೆ ಅರ್ಹ. ಬರೆದೆ. ಭಾಗೀರಥಿಯದು: ತೋರಿಕೆ, ಸಮಿತಿಯ ದಿಕ್ಕು ತಪ್ಪಿಸುವ ಯತ್ನ. ಪೆನ್ನು ನಿಂತಿತು.

“ಬರಿ ಕಸ್ತೂರಿ. ಯಾಕ?”

ಎಲ್ಲ ಮಂದಿಯ ಸಾಮಾನು ಎಂದು ಅವಳೇ ಹೇಳಿದಳಲ್ಲ ಮೇಡಂ, ಎಂದು ಹೇಳಬೇಕಿತ್ತು. ಬರೆದೆ. ನನ್ನ ಚೆಂದದ ಅಕ್ಷರದಲ್ಲಿ ಆ ಸಾಲು ಇನ್ನೂ ನಿಜದಂತೆ ಕಂಡಿತು.

ಸರ್ ಮುಂದಿನ ಸೀಟಿನಿಂದ ತಿರುಗದೆಯೇ ಮಾತಾಡಿದರು. ವಕೀಲರ ಮಾತು, ಸಾವಕಾಶ. “ಇವತ್ತ ಇದ್ದವರಂಗ ಕಾಣಲಿಕ್ಕೆ ತಂದಿಟ್ಟರು. ನಾಳೆ ಇಲ್ಲದವರಂಗ ಕಾಣಲಿಕ್ಕೆ ಬಚ್ಚಿಡತಾರ. ಇಂಥವರನ್ನ ಹೆಂಗ ನಂಬೋದು? ಬಡತನ ಇರಲಿ, ಬ್ಯಾಡನ್ನೂದಿಲ್ಲ. ಸುಳ್ಳು ಇರಬಾರದು.”

“ಹುಡುಗಿ ಶ್ಯಾಣ್ಯಾ ಇದ್ದಾಳ ಅಣ್ಣಾ” ಎಂದರು ಮೇಡಂ. ಅಷ್ಟು ಹೇಳಿದ್ದು ನಿಜ. ಅದನ್ನೂ ಇಲ್ಲಿ ಬರೆಯಬೇಕು.

ಸರ್ ಈಗ ಹಿಂದಕ್ಕೆ ತಿರುಗಿದರು. “ಹಂಗಿದ್ರ ಹಿಂಗ ಮಾಡೂಣು. ಆ ಹೆಣಮಗಳು ಭಾನುವಾರ ಸಭಾಕ್ಕ ಬರಲಿ. ಎಲ್ಲಾ ಪಾಲಕರ ಮುಂದ ತಪ್ಪೊಪ್ಪಿಗಿ ಕೊಡಲಿ. ಕೊಟ್ಟರ ಆಕಿ ಮಗಳ ಹೆಸರು ಸೇರಸೂಣು. ಉಳದವರಿಗೂ ಪಾಠ ಆಗತದ. ಕಸ್ತೂರಿ, ನೀನೇ ಬರಕೊಂಡು ಬಾ. ಆಕಿಗೆ ಓದಲಿಕ್ಕೆ ಬರೂದಿಲ್ಲ. ಸಭಾದಾಗ ನೀನೇ ಓದು. ಆಕಿ ಹೆಬ್ಬೆಟ್ಟು ಒತ್ತಲಿ.”

ಒಳ್ಳೆಯ ದನಿಯಲ್ಲೇ ಹೇಳಿದರು. ಯಾವಾಗಲೂ ಒಳ್ಳೆಯ ದನಿಯೇ. ಅದಕ್ಕೆ ಎದುರಾಡುವುದು ಹೇಗೆಂದು ನನಗೆ ಯಾರೂ ಕಲಿಸಿಲ್ಲ.

ಶನಿವಾರ ಮಿಲ್ಲಿಗೆ ಹೋದೆ. ಯಂತ್ರದ ಸದ್ದಿಗೆ ನೆಲ ನಡುಗುತ್ತಿತ್ತು. ಶೆಡ್ಡಿನೊಳಗೆ ಗಾಳಿಯೇ ಬೆಳ್ಳಗಿತ್ತು. ಹೆಂಗಸರು ಮೂಗಿನ ಮೇಲೆ ಸೆರಗು ಬಿಗಿದು ಬಗ್ಗಿ ನಿಂತಿದ್ದರು. ಯಾರು ಯಾರೆಂದು ಗುರುತು ಹತ್ತಲಿಲ್ಲ. ಕೆಮ್ಮಿನಿಂದ ಚಿಗವ್ವನನ್ನು ಗುರುತಿಸಿದೆ. ಕೂಗಿದೆ. ನನ್ನ ಕೂಗು ನನಗೇ ಕೇಳಿಸಲಿಲ್ಲ. ಹತ್ತಿಯೊಳಗೆ ಇಳಿದು ಹೋಗಿ ಅವಳ ತೋಳು ಹಿಡಿದೆ.

“ಏ ಶಟ್ಟೀ, ಬೀಗರ ಬಂದಾರೇನ? ಕೈ ನಿಲ್ಲಬಾರದ!” ರಾಯಪ್ಪ ಆ ತುದಿಯಿಂದ ಒದರಿದ.

“ನಿನ್ನ ಲಗ್ನಾ ಮಾಡಾಕ ಬಂದಾಳ ತಡಿಯೋ” ಎಂದು ಒದರಿ ಶಟ್ಟೆವ್ವ ನನ್ನನ್ನು ನಳದ ಹತ್ತಿರ ಕರೆತಂದಳು. ಬೊಗಸೆ ನೀರು ಬಾಯಿಗೆ ಹಾಕಿ ಮುಕ್ಕಳಿಸಿ ಉಗಿದಳು. ನೀರಿನಲ್ಲಿ ಹತ್ತಿಯ ಎಳೆ ಇತ್ತು. “ಹೇಳವಾ. ಆತೇನ? ಹೆಸರ ಬಂತೇನ?”

ಹೇಳಿದೆ. ಮೊದಲು ನಕ್ಕಳು.

“ತಪ್ಪಾತಂತ ಹೇಳಬೇಕಾ? ಕುರ್ಚಿ ತಂದದ್ದಕ್ಕ?”

“ಸುಳ್ಳ ಹೇಳಿದಿ ಅಂತಾರ ಚಿಗವ್ವಾ.”

“ಏನ ಸುಳ್ಳ ಹೇಳೇನಿ? ಮಂದೀವ ಅಂತ ಬಾಯಿ ಬಿಟ್ಟ ಹೇಳಿದ್ನೆಲ್ಲ. ನೀ ಅಲ್ಲೇ ಇದ್ದೆಲ್ಲ.”

“ಇದ್ದೆ.”

“ಮತ್ತ ನೀ ಹೇಳಲಿಲ್ಲೇನ?”

ತೊಗಟೆ ಚುಚ್ಚಿ ಅವಳ ಬೆರಳಿನಲ್ಲಿ ರಕ್ತ ಬಂದಿತ್ತು. ನೀರಿನ ಕೆಳಗೆ ಹಿಡಿದು ನಿಂತಳು. ಆಮೇಲೆ ಹೇಳಿದಳು. “ಒತ್ತತೇನಿ ಬಿಡು.”

ಸಂಜೆ ಮನೆಯಲ್ಲಿ ಭಾಗೀರಥಿ ಪುಸ್ತಕ ಎಸೆದಳು. “ನೀ ಒತ್ತಿದ್ರ ನಾ ಧಾರವಾಡಕ್ಕ ಹೋಗಂಗಿಲ್ಲ. ಈಗ ಹೇಳತೇನಿ.”

“ಹೋಗದ ಎಲ್ಲಿ ಹೋಗತೀ? ರಾಯಪ್ಪನ ಕೈಯಾಗೇನ?”

“ಹೋಗತೇನಿ. ನಿನ್ನ ಮಗ್ಗಲಾಗ ನಿಂತ ಹತ್ತಿ ಆರಸತೇನಿ. ಮಾಡಲಾರದ ತಪ್ಪಿಗೆ ಅವರ ಮುಂದ ಬಗ್ಗಬ್ಯಾಡ.”

ಶಟ್ಟೆವ್ವ ಎದ್ದು ಅವಳ ಕಪಾಳಕ್ಕೆ ಹೊಡೆದಳು. ಹೊಡೆದು, ಅದೇ ಕೈಯನ್ನು ಅವಳ ಕಣ್ಣ ಮುಂದೆ ಹಿಡಿದಳು. “ನೋಡ ಇದನ್ನ. ಹೆಬ್ಬೆಟ್ಟಿನ ಮಸಿ ಒರಸಿದ್ರ ಹೋಗತೈತಿ. ಇದು ಹೋಗತೈತೇನ ನೋಡ.” ಉಗುರುಗಳು ಅರ್ಧ ಇರಲಿಲ್ಲ. ಇದ್ದ ಉಗುರಿನ ಕೆಳಗೆ ಕಪ್ಪು ಕಟ್ಟಿತ್ತು. ಭಾಗೀರಥಿ ಆ ಕೈ ಹಿಡಿದುಕೊಂಡು ಸದ್ದಿಲ್ಲದೆ ಅತ್ತಳು. ದೊಡ್ಡ ಗಂಟಲಿನ ಹುಡುಗಿ ಸದ್ದಿಲ್ಲದೆ ಅಳುವುದನ್ನು ನಾನು ಮೊದಲ ಸಲ ನೋಡಿದೆ.

“ಬರಿಯವಾ ಕಸ್ತೂರಿ” ಎಂದಳು ಶಟ್ಟೆವ್ವ. “ಅವರು ಹೆಂಗ ಹೇಳ್ಯಾರ ಹಂಗ ಬರಿ. ಒಂದ ಅಕ್ಷರನೂ ಕಡಿಮಿ ಮಾಡಬ್ಯಾಡ. ಮತ್ತೊಂದ ಸಲ ಕರಸಿಗಿರಸ್ಯಾರು.”

ಅವಳ ಮನೆಯ ನೆಲದ ಮೇಲೆಯೇ ಕುಳಿತು ಬರೆದೆ.

ಭಾನುವಾರ ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ನಾನೇ ಹಾಸಿದ್ದೆ. ಪಾಲಕರು ಮಕ್ಕಳ ಜೊತೆ ಕುಳಿತಿದ್ದರು. ಮನೋಳಿಯಿಂದ ಬಂದವರಿದ್ದರು. ಸಂಕೇತ ತಂದೆಯ ಪಕ್ಕದಲ್ಲಿದ್ದ. ಎದುರಿಗೆ ಕುರ್ಚಿಯಲ್ಲಿ ಸರ್, ಮೇಡಂ, ಸಮಿತಿಯ ಇನ್ನಿಬ್ಬರು. ಶಟ್ಟೆವ್ವ ಜಮಖಾನದ ಮೇಲೆ ಕೂರಲಿಲ್ಲ. ಹೊಸ್ತಿಲ ಒಳಗೆ, ಚಪ್ಪಲಿ ಬಿಟ್ಟ ಜಾಗದ ಹತ್ತಿರ ಗೋಡೆಗೆ ಒತ್ತಿಕೊಂಡು ನಿಂತಳು. ತಲೆ ಎಷ್ಟು ತೊಳೆದರೂ ಕಿವಿಯ ಹಿಂದೆ ಹತ್ತಿ ಉಳಿದಿತ್ತು. ಭಾಗೀರಥಿ ಅವಳ ಮಗ್ಗುಲಿಗೆ. ಕಣ್ಣು ಬಾತಿತ್ತು.

ಆಯ್ಕೆಯಾದವರ ಹೆಸರು ಓದಿದರು. ಸಂಕೇತನ ಹೆಸರು ಬಂತು. ಚಪ್ಪಾಳೆಯಾಯಿತು. ಆಮೇಲೆ ಸರ್ ಗಂಟಲು ಸರಿಮಾಡಿಕೊಂಡರು.

“ಇನ್ನೊಂದ ಹೆಸರು ಅದ. ಅದಕ್ಕ ಮೊದಲ ಒಂದ ಸಣ್ಣ ಕೆಲಸ. ನಿಧಿ ಅಂದ್ರ ನಮ್ಮ ತಾಯಿಯವರ ಪುಣ್ಯದ ಕೆಲಸ. ಇಲ್ಲಿ ಸುಳ್ಳು ನಡೆಯೂದಿಲ್ಲ. ತಪ್ಪು ಮಾಡಿದವರು ಒಪ್ಪಿಕೊಂಡ್ರ ದೊಡ್ಡವರು ಕ್ಷಮಾ ಮಾಡತಾರ. ಬಾರವಾ ಶಟ್ಟೆವ್ವ, ಮುಂದ ಬಾ. ಕಸ್ತೂರಿ, ಓದು.”

ಎಲ್ಲರೂ ತಿರುಗಿ ನೋಡಿದರು. ಶಟ್ಟೆವ್ವ ಜಮಖಾನ ತುಳಿಯದೆ ಗೋಡೆಯ ಅಂಚಿಗೇ ನಡೆದು ಮುಂದೆ ಬಂದಳು. ನಾನು ಎದ್ದು ನಿಂತೆ.

“ನಾನು ಶಟ್ಟೆವ್ವ, ಸಾಕಿನ್ ನೇಸರಗಿ...”

“ಜೋರಾಗಿ ಓದವಾ. ಹಿಂದಿನವರಿಗೆ ಕೇಳಬೇಕು.”

“ನಾನು ಶಟ್ಟೆವ್ವ, ಸಾಕಿನ್ ನೇಸರಗಿ, ಈ ಮೂಲಕ ಒಪ್ಪಿಕೊಳ್ಳುವುದೇನೆಂದರೆ, ಮಾನ್ಯ ಸಮಿತಿಯವರು ನಮ್ಮ ಮನೆಗೆ ಭೇಟಿ ಕೊಟ್ಟಾಗ, ಬೇರೆಯವರ ಸಾಮಾನುಗಳನ್ನು ನಮ್ಮವೆಂದು...”

ಅಲ್ಲಿ ನಿಂತೆ. ನಮ್ಮವೆಂದು. ಅದು ಆ ಹಾಳೆಯ ಮೇಲಿತ್ತು. ನನ್ನ ಕೈಯೇ ಬರೆದಿತ್ತು. ಮೇಡಂ ಮಸಿಯ ಡಬ್ಬಿ ತೆರೆದು ಮೇಜಿನ ಅಂಚಿಗೆ ತಳ್ಳಿದರು. ಕೈ ಹಿಂದೆ ತೆಗೆದುಕೊಂಡರು. ಶಟ್ಟೆವ್ವ ಹೆಬ್ಬೆರಳನ್ನು ಸೀರೆಗೆ ಒರೆಸಿ ಮುಂದೆ ಮಾಡಿದಳು. ಮಿಲ್ಲಿನಲ್ಲಿ ಹತ್ತಿಗೆ ಕೈ ಚಾಚುವಂತೆಯೇ ಚಾಚಿದಳು. ಇದೂ ಒಂದು ಕೆಲಸ ಎನ್ನುವಂತೆ. ಜಮಖಾನದ ಮೇಲೆ ಕುಳಿತ ತಾಯಂದಿರು ತಲೆ ತಗ್ಗಿಸಿದ್ದರು. ಅವರ ಮನೆಯ ಡಬ್ಬಿಗಳನ್ನೂ ಯಾರೋ ತೆರೆದು ನೋಡಿದ್ದರು. ನಮ್ಮ ಮನೆಯವನ್ನೂ. ನಮ್ಮ ಮನೆ ನೋಡಲು ಬಂದ ದಿನ ಅವ್ವ ಕೊಟ್ಟ ಚಹಾ ಕೂಡ ಹಾಗೆಯೇ ನೆಲದ ಮೇಲೆ ಆರಿತ್ತು. ಅವರು ಹೋದ ಮೇಲೆ ಅವ್ವ ಅದನ್ನು ಚೆಲ್ಲಲಿಲ್ಲ. ಬಾಗಿಲು ಮುಂದೆ ಮಾಡಿ ಒಬ್ಬಳೇ ಕುಡಿದಳು.

“ಓದು ಕಸ್ತೂರಿ. ನಮ್ಮವೆಂದು?” ಎಂದರು ಸರ್.

ನನ್ನ ಅಂಕಪಟ್ಟಿಗಳಿದ್ದ ಕಪಾಟು ಅವರ ಬೆನ್ನ ಹಿಂದೆಯೇ ಇತ್ತು. ನಿಜ ಹೇಳಿದರೆ ನನ್ನದಷ್ಟೇ ಹೋಗುವುದಿಲ್ಲ. ಭಾಗೀರಥಿಯ ಧಾರವಾಡವೂ ಹೋಗುತ್ತದೆ. ಪರೀಕ್ಷೆ ಮುಗಿದ ಮರುದಿನವೇ ನಸುಕಿನ ಟಂಟಂ ಅವಳಿಗಾಗಿ ಕೇರಿಯೊಳಗೆ ಬಂದು ನಿಂತಿರುತ್ತದೆ. ಭಾಗೀರಥಿಯ ಕಡೆ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಸಣ್ಣಗೆ, ಒಂದೇ ಒಂದು ಸಲ ತಲೆಯಾಡಿಸಿದಳು. ಓದಬೇಡ ಎಂದು.

ಶಟ್ಟೆವ್ವನ ಹೆಬ್ಬೆರಳು ಮಸಿಗೆ ತಾಗುವ ಮೊದಲೇ ಅವಳ ಮಣಿಕಟ್ಟು ಹಿಡಿದೆ. ಒರಟು ಮಣಿಕಟ್ಟು. ಅವಳು ಬೆಚ್ಚಿ ನನ್ನ ಕಡೆ ತಿರುಗಿದಳು. ಹಾಳೆಯನ್ನು ಮಡಚಿದೆ. ನನ್ನ ಬಾಯಿಂದ ಬಂದ ದನಿ ನನ್ನದಲ್ಲ ಅನ್ನಿಸಿತು. ಒಡೆದಿತ್ತು. ಆದರೆ ಹಿಂದಿನವರಿಗೂ ಕೇಳಿತು.

“ಶಟ್ಟೆವ್ವ ಸುಳ್ಳ ಹೇಳಿಲ್ರಿ ಸರ್. ನೀವು ಬೀಗರು ಅಂತ ತಿಳದಿದ್ಲು. ನೀವು ಆಕಿ ಕೈಯಾಗಿನ ನೀರ ಮುಟ್ಟಲಿಲ್ಲ.”